ಕೊಟ್ರಯ್ಯ ನೆಟ್ಟ ದೇವರು

ಹೊಳೆದಂಡೆಯ ಮಠದಲ್ಲಿ ಮರುಳಜ್ಜ ಎಂಬ ಗುರುಗಳಿದ್ದರು. ಅವರಿಗೆ ಕೊಟ್ರಯ್ಯ ಎಂಬ ಶಿಷ್ಯ. ಗುರುಗಳಿಗೆ ಅವಸರ ಅನ್ನುವುದೇ ಗೊತ್ತಿರಲಿಲ್ಲ. ಅವರ ಪಾಲಿನದ್ದನ್ನೂ ಸೇರಿಸಿ ಶಿಷ್ಯನೇ ಅವಸರಪಡುತ್ತಿದ್ದ.

ಮಠದ ಹಿಂದೆ ಗುಡ್ಡ. ಗುಡ್ಡದ ತುಂಬ ಕಾಡು. ಕಾಡಿನ ನಡುವೆ, ಬಂಡೆಯ ಸಂದಿಯಲ್ಲಿ, ನೀರು ಜಿನುಗಿ ನಿಲ್ಲುವ ಒಂದು ದೊಣೆ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಸುತ್ತಲ ಮೂರು ಊರಿಗೂ ಕುಡಿಯಲು ಅದೇ ನೀರು.

ಕಾಡು ಮೂರೂ ಊರಿನದು. ಅಂದರೆ ಯಾರದೂ ಅಲ್ಲ. ಕುಂಬಾರರು ಮಡಕೆ ಸುಡುವ ಆವಿಗೆಗೆಂದು ಕಡಿದರು. ಕುರಿಯವರು ಸೊಪ್ಪಿಗೆಂದು ಕಡಿದರು. ನೇಗಿಲಿಗೆ ಮರ ತರಲು ಹೋದ ರೈತರು, ಬಂದದ್ದು ಬಂದೆವು, ತೊಲೆಗೂ ಒಂದಿರಲಿ ಎಂದು ಕಡಿದರು. ನಾವು ಬಿಟ್ಟರೆ ಅವರು ಬಿಡುತ್ತಾರೆಯೇ ಎಂದು ಎಲ್ಲರೂ ಕೇಳುವವರೇ. ಆ ಬೇಸಿಗೆ ದೊಣೆಯ ತಳ ಕಂಡಿತು.

ಗುರುಗಳು ಶಿಷ್ಯನನ್ನು ಕರೆದರು.

“ಮೂರೂ ಊರಿನವರನ್ನು ಕೂಡಿಸು, ಕೊಟ್ರ. ಕಾಡಿಗೊಂದು ಕಟ್ಟಳೆ ಮಾಡಿಕೊಳ್ಳಲಿ.”

“ಕಟ್ಟಳೆ ನಾನೇ ಬರೆದುಕೊಟ್ಟರೆ ಆಗದೇ, ಅಜ್ಜಾರೆ?”

“ಕಡಿಯೋರು ಅವರು, ಕುಡಿಯೋರೂ ಅವರೇ. ನೀನು ಚಾಪೆ ಹಾಸು, ಸಾಕು.”

ಕೊಟ್ರಯ್ಯ ಚಾಪೆ ಹಾಸಿದ. ಜನ ಬಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

“ಮೊದಲು ಕುಂಬಾರರು ಕೊಡಲಿ ಕೆಳಗಿಡಲಿ” ಎಂದರು ಕುರಿಯವರು.

“ಮೊದಲು ಮೇಕೆ ಗುಡ್ಡ ಇಳೀಲಿ. ನಾವು ಕಡಿದದ್ದು ಚಿಗುರ್ತೈತೆ, ಮೇಕೆ ಮೇಯ್ದದ್ದು ಚಿಗುರ್ತೈತಾ?” ಎಂದರು ಕುಂಬಾರರು.

“ನಮ್ಮ ಅಪ್ಪಂದಿರ ಕಾಲದಿಂದ ನೇಗಿಲಿಗೆ ಮರ ತರ್ತಿದ್ದೀವಿ. ನಮ್ಮನ್ನ ಯಾಕೆ ಎಳೀತೀರಿ?” ಎಂದರು ರೈತರು.

ಮರುದಿನವೂ ಕೂತರು, ಅದರ ಮರುದಿನವೂ ಕೂತರು. ಕೊಟ್ರಯ್ಯನ ತಲೆ ಚಿಟ್ಟು ಹಿಡಿಯಿತು. ಈ ಜನ ಬಾಯಿ ಮುಗಿಸುವಷ್ಟರಲ್ಲಿ ಕಾಡೇ ಮುಗಿಯುತ್ತದೆ ಎನಿಸಿತು. ಆ ಭಯ ಸುಳ್ಳಾಗಿರಲಿಲ್ಲ. ಕಾಡಿನ ಮೇಲೆ ಅವನಿಗಿದ್ದ ಪ್ರೀತಿಯೂ ಸುಳ್ಳಲ್ಲ.

ಒಂದು ಬೆಳಿಗ್ಗೆ ಅವನೊಬ್ಬನೇ ಗುಡ್ಡ ಹತ್ತಿದ. ದೊಣೆಯ ಪಕ್ಕ ಒಂದು ಉದ್ದನೆಯ ಕಲ್ಲು ನೆಟ್ಟ. ಅರಿಶಿನ ಬಳಿದು, ಕುಂಕುಮ ಹಚ್ಚಿ, ಬೇವಿನ ಸೊಪ್ಪು ಸುತ್ತಿ, ಹಸಿರು ಬಳೆ ಇಟ್ಟ. ಆಮೇಲೆ ಕೆಳಗಿಳಿದು ಬಂದು ಮೂರೂ ಊರಿಗೆ ಹೇಳಿದ:

“ಗುಡ್ಡದವ್ವ ನನ್ನ ಕನಸಿಗೆ ಬಂದಿದ್ದಳು. ಈ ಕಾಡು ನನ್ನದು, ಇಲ್ಲಿ ಕಡ್ಡಿ ಮುಟ್ಟಿದವರ ಕಣ್ಣು ಕಳೀತೀನಿ ಅಂದಳು.”

ಕನಸಿಗೆ ಸಾಕ್ಷಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೊಡಲಿಗಳು ಅಟ್ಟ ಸೇರಿದವು. ಮೇಕೆಗಳು ಗುಡ್ಡ ಇಳಿದವು. ವಾದ ಮಾಡುತ್ತಿದ್ದವರೆಲ್ಲ ಗಲ್ಲ ಗಲ್ಲ ಬಡಿದುಕೊಂಡು ಮನೆಗೆ ಹೋದರು.

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಕೊಟ್ರಯ್ಯ ಹಿಗ್ಗಿದ. ಗುರುಗಳ ಮುಂದೆ ಮಾತ್ರ ಕನಸಿನ ಸುದ್ದಿ ಎತ್ತಲಿಲ್ಲ.

“ಕಟ್ಟಳೆ ಆಯಿತು, ಅಜ್ಜಾರೆ. ಮೂರೂ ಊರಿನವರು ಒಪ್ಪಿದರು.”

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು:

“ಒಪ್ಪಿದರೋ, ತೆಪ್ಪಗಾದರೋ?”

ಕೊಟ್ರಯ್ಯನಿಗೆ ಉತ್ತರ ಗೊತ್ತಿತ್ತು. ದೊಣೆಯಿಂದ ನೀರು ತರಬೇಕು ಎಂದು ಕೊಡ ಎತ್ತಿಕೊಂಡು ಹೊರಟುಬಿಟ್ಟ.

ಮಳೆಗಾಲ ಬಂದು ಹೋಯಿತು. ಕಡಿದ ಮೋಟುಗಳೆಲ್ಲ ಚಿಗುರಿದವು. ಮುಂದಿನ ಬೇಸಿಗೆಯಲ್ಲಿ ದೊಣೆಯೊಳಗೆ ಕೊಡ ಮುಳುಗುವಷ್ಟು ನೀರು ನಿಂತಿತ್ತು. ಅದನ್ನು ನೋಡಿದಾಗಲೆಲ್ಲ ಕೊಟ್ರಯ್ಯನ ಎದೆ ತಣ್ಣಗಾಗುತ್ತಿತ್ತು. ಸುಳ್ಳೊಂದು ಇಷ್ಟು ಒಳ್ಳೆಯದು ಮಾಡಿದರೆ ಅದನ್ನು ಸುಳ್ಳು ಅನ್ನಬೇಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಕುರಿಯವರ ಊರಿನ ಪಾಲಮ್ಮ ಎಂಬ ಮುದುಕಿ ಗೋಡೆ ಹಿಡಿದುಕೊಂಡು ಮಠಕ್ಕೆ ಬಂದಳು. ಗುರುಗಳು ಜಗಲಿಯ ಮೇಲಿದ್ದರು. ಅವಳು ಅವರಿಗೆ ಕೈಮುಗಿದು, ಕೊಟ್ರಯ್ಯನ ದನಿ ಕೇಳಿದ ಕಡೆ ತಿರುಗಿ ಕೂತಳು.

“ಸ್ವಾಮೇರೆ, ಅವ್ವನ ಹತ್ರ ನನ್ನ ಪರವಾಗಿ ಒಂದು ಮಾತು ಕೇಳ್ರಿ. ತಪ್ಪು ಮಾಡೀನಿ.”

“ಏನು ಮಾಡಿದಿ, ಅಮ್ಮ?”

“ಮಗಳು ಬಾಣಂತಿ. ಬಿಸಿನೀರು ಹಾಕ್ಬೇಕಲ್ಲ, ಮನೇಲಿ ಸೌದೆ ಇರ್ಲಿಲ್ಲ. ಗುಡ್ಡಕ್ಕೆ ಹೋಗಿ ಒಂದು ಹೊರೆ ತಂದೆ. ಹಸೀದು ಮುಟ್ಟಿಲ್ಲ, ಒಣಗಿ ಬಿದ್ದಿದ್ದನ್ನೇ ಆರಿಸ್ಕೊಂಡೆ. ಆದ್ರೂ ಅವ್ವ ಬಿಡ್ಲಿಲ್ಲ. ಆವತ್ತಿಂದ ಕಣ್ಣು ಮಂಜಾಗ್ತಾ ಬಂತು. ಈಗ ನಿಮ್ಮ ಮುಖಾನೂ ಕಾಣ್ತಿಲ್ಲ.”

ಕೊಟ್ರಯ್ಯ ಬಗ್ಗಿ ಅವಳ ಕಣ್ಣು ನೋಡಿದ; ಬಿಳಿ ಪೊರೆ ಕಟ್ಟಿತ್ತು.

“ಕಣ್ಣು ಹೋದ್ರೆ ಹೋಗ್ಲಿ, ಸ್ವಾಮಿ. ಕೂಸನ್ನ ಇನ್ನೂ ಎತ್ಕೊಂಡಿಲ್ಲ ನಾನು. ನನ್ನ ದೋಷ ಅದ್ರ ಕಣ್ಣಿಗೆ ತಾಗೀತು ಅಂತ ಹಟ್ಟಿ ಹೊರಗೇ ಮಲಗ್ತೀನಿ. ಅದು ಅತ್ತರೆ ಅಲ್ಲಿಂದಲೇ ಲಾಲಿ ಹೇಳ್ತೀನಿ.”

ಸೆರಗಿನ ಗಂಟು ಬಿಚ್ಚಿ ಅವಳು ಒಂದು ಜೊತೆ ಬೆಳ್ಳಿಯ ಕಣ್ಣು ತೆಗೆದಳು. ಕಾಲ್ಕಡಗ ಕರಗಿಸಿ ಅವ್ವನಿಗೆ ಒಪ್ಪಿಸಲು ಮಾಡಿಸಿದ್ದು. ತಡವರಿಸಿ ಕೊಟ್ರಯ್ಯನ ಮುಂದಿಟ್ಟಳು.

ಅವನು ಗುರುಗಳ ಕಡೆ ನೋಡಿದ. ಗುರುಗಳು ಮೆಲ್ಲನೆ ಜಗಲಿ ಇಳಿದರು. ಬಂದು, ಪಾಲಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು, ಶಿಷ್ಯನಿಗೆ ಕೈಮುಗಿದರು.

“ನಾನೂ ದಿನಾ ಅದೇ ಕಾಡಿನ ಬೇವಿನ ಕಡ್ಡಿ ಮುರಿದು ಹಲ್ಲುಜ್ಜುತೀನಿ. ನನ್ನ ಕಣ್ಣಿನ ಗತಿ ಏನು ಅಂತ ಅವ್ವನನ್ನು ಕೇಳಿ ಹೇಳಪ್ಪ.”

ಕೊಟ್ರಯ್ಯ ತಡೆದುಕೊಳ್ಳಲಾರದೆ ಹೋದ.

“ಅವ್ವ ಕನಸಿಗೆ ಬಂದಿರಲಿಲ್ಲ, ಅಮ್ಮ. ಆ ಕಲ್ಲು ನಾನೇ ನೆಟ್ಟದ್ದು. ನಿಮ್ಮ ಕಣ್ಣಿಗೆ ಬಂದಿರೋದು ವಯಸ್ಸಿನ ಪೊರೆ. ದೋಷ ಗೀಷ ಏನೂ ಇಲ್ಲ.”

ಪಾಲಮ್ಮ ಬೆಳ್ಳಿಯ ಕಣ್ಣುಗಳನ್ನು ಕೈಯಲ್ಲಿ ಸವರಿ, ಅವನ ಕಡೆಗೇ ಇನ್ನಷ್ಟು ಸರಿಸಿದಳು.

“ಇವನ್ನ ನೀನೇ ಇಟ್ಕೋ. ಕಣ್ಣು ಕಾಣದೋನು ನೀನು.”

ಅಷ್ಟು ಹೊತ್ತು ‘ಸ್ವಾಮೇರೆ’ ಅನ್ನುತ್ತಿದ್ದ ಬಾಯಿ ‘ನೀನು’ ಅಂದದ್ದು ಕೊಟ್ರಯ್ಯನಿಗೆ ಚುಚ್ಚಿತು. ಅವಳು ಎದ್ದು ಹೊರಟಳು. ಕೂಸನ್ನು ಎತ್ತಿಕೊಳ್ಳುವ ಆತುರ ಅವಳ ಕಾಲಿನಲ್ಲಿ ಕಾಣುತ್ತಿತ್ತು.

“ಇನ್ನು ಮೂರೂ ಊರಿಗೆ ಹೇಳು” ಎಂದರು ಗುರುಗಳು.

“ಹೇಳಿದರೆ ನಾಳೆಯೇ ಕೊಡಲಿ ಅಟ್ಟದಿಂದ ಇಳಿಯುತ್ತೆ, ಅಜ್ಜಾರೆ. ಕಾಡು ಹೋಗುತ್ತೆ. ದೊಣೆ ಬತ್ತುತ್ತೆ.”

“ಹೇಳದಿದ್ದರೆ?”

ಕೊಟ್ರಯ್ಯ ಬಾಗಿಲಾಚೆ ನೋಡಿದ. ಮುದುಕಿ ಗೋಡೆ ತಡಕಾಡುತ್ತ ದೂರ ಹೋಗುತ್ತಿದ್ದಳು. ಓಡಿಹೋಗಿ ಅವಳ ಕೈ ಹಿಡಿದು ಊರು ಮುಟ್ಟಿಸಿದ.

ಮರುದಿನ ಕಲ್ಲನ್ನು ಕಿತ್ತು ಹೊಳೆಗೆ ಬಿಟ್ಟ. ಮತ್ತೆ ಚಾಪೆ ಹಾಸಿ, ಮೂರೂ ಊರಿನವರ ಮುಂದೆ ನಿಂತು, ತಾನು ಮಾಡಿದ್ದನ್ನು ಹೇಳಿದ. ಬೈಗಳ ಮಳೆ ಸುರಿಯಿತು. ಒಬ್ಬ ಕೋಲನ್ನೂ ಎತ್ತಿದ. ಕೊಟ್ರಯ್ಯ ತಲೆ ತಗ್ಗಿಸಿ ನಿಂತ. ಹೊಡೆದರೆ ಹೊಡೆಯಲಿ ಎಂದೇ ಅವನು ಬಂದಿದ್ದ.

“ಹಂಗಾದ್ರೆ ನಾಳೆ ಗುಡ್ಡಕ್ಕೆ ಗಾಡಿ ಹೂಡೋಣ” ಎಂದ ಒಬ್ಬ ಕುಂಬಾರ.

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಪಾಲಮ್ಮ ಬಾಯಿ ತೆರೆದಳು.

“ಈ ಹುಡುಗ ಸುಳ್ಳು ಹೇಳ್ದ, ಸರಿ. ದೊಣೆ ನೀರು ಸುಳ್ಳು ಹೇಳ್ತೈತಾ? ಈ ಬೇಸಿಗೇಲಿ ನಿನ್ನ ಹೆಂಡ್ತಿ ಕೊಡ ತುಂಬಿಸ್ಕೊಂಡು ಬಂದ್ಲೋ ಇಲ್ವೋ?”

ಕುಂಬಾರನ ಹೆಂಡತಿಯೇ ಹಿಂದಿನಿಂದ “ಬಂದೆ” ಎಂದಳು.

ಅಲ್ಲಿಂದ ಮಾತು ಶುರುವಾಯಿತು. ಒಂದು ವಾರ ಎಳೆಯಿತು. ಒಣಗಿ ಬಿದ್ದದ್ದು ಯಾರಿಗಾದರೂ ಸೇರಿತು, ಬಾಣಂತಿ ಇರುವ ಮನೆಗೆ ಮೊದಲು. ಕುಂಬಾರರಿಗೆ ಹೂಳು ತುಂಬಿದ ಕೆರೆಯಂಗಳದ ಜಾಲಿ. ಸಸಿ ಮೇಕೆಯ ಬಾಯಿಗೆ ಎಟುಕದಷ್ಟು ಬೆಳೆಯುವ ತನಕ ಮೇಕೆ ಗುಡ್ಡ ಹತ್ತುವಂತಿಲ್ಲ. ನೇಗಿಲಿಗೆ ಮರ ಬೇಕಾದವನು ಸಭೆಯಲ್ಲಿ ನಿಂತು ಕೇಳಬೇಕು. ಕಾವಲು ಸರದಿಯ ಮೇಲೆ. ಕೊಟ್ರಯ್ಯ ಒಂದೂ ಮಾತು ಸೇರಿಸಲಿಲ್ಲ. ದಿನಾ ಚಾಪೆ ಹಾಸಿದ, ಸಂಜೆ ಸುತ್ತಿಟ್ಟ.

ಆಮೇಲೆ ಪಾಲಮ್ಮನನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪೊರೆ ತೆಗೆಸಿದ. ಅದರ ಫಲ ಕಾಡಿನಲ್ಲಿ ಕಂಡಿತು. ಯಾರ ಹೊರೆಯ ಒಳಗೆ ಹಸಿ ಕಡ್ಡಿ ಅಡಗಿದೆ ಅನ್ನುವುದು ಅವಳಿಗೆ ಹತ್ತು ಮಾರು ದೂರದಿಂದಲೇ ಕಾಣತೊಡಗಿತು.

ಜಗಳಕ್ಕೆ ಮಾತ್ರ ಕೊನೆಯಿರಲಿಲ್ಲ. ಇವತ್ತು ಕಾವಲಿನವನು ನಿದ್ದೆ ಮಾಡಿದ ಎಂದು, ನಾಳೆ ಯಾರದೋ ಮೇಕೆ ಹಗ್ಗ ಕಿತ್ತುಕೊಂಡು ಹೋಯಿತೆಂದು, ಮರುದಿನ ಸಸಿ ಎತ್ತರವೋ ಮೇಕೆ ಎತ್ತರವೋ ಎಂದು. ಗುಡ್ಡದ ಕೂಗಾಟ ಮಠದ ತನಕ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಕೊಟ್ರಯ್ಯನಿಗೆ ತಾಳ್ಮೆ ತಪ್ಪಿತು. ಗುರುಗಳು ಊಟ ಮುಗಿಸಿ ಜಗಲಿಯ ಮೇಲೆ ಅಡ್ಡಾಗಿದ್ದರು.

“ಅಜ್ಜಾರೆ, ಕೇಳಿದಿರಾ? ಅವ್ವನ ಭಯ ಇದ್ದಾಗ ಒಬ್ಬರೂ ಉಸಿರೆತ್ತುತ್ತಿರಲಿಲ್ಲ, ಒಂದು ಎಲೆಯೂ ಹೋಗುತ್ತಿರಲಿಲ್ಲ. ಈಗ ನೋಡಿ, ದಿನ ಬೆಳಗಾದರೆ ಜಗಳ. ಹೀಗಾದರೆ ಈ ಕಾಡು ಉಳಿಯುತ್ತಾ?”

ಗುರುಗಳು ಗುಡ್ಡದ ಕಡೆ ಕಿವಿ ಕೊಟ್ಟರು. ಪಾಲಮ್ಮನ ಗಂಟಲು ಎಲ್ಲರದಕ್ಕಿಂತ ಮೇಲೆ ಕೇಳುತ್ತಿತ್ತು.

ಅವರು ಹೊದ್ದ ಪಂಚೆಯನ್ನು ಮುಖದ ಮೇಲೆ ಎಳೆದುಕೊಂಡರು.

“ಆ ಜಗಳ ನಿಂತರೆ ನನ್ನನ್ನು ಎಬ್ಬಿಸು.”