ಕೊನೆಯ ತುತ್ತು

"ಗುರುಗಳೇ, ಕಣ್ಣಿಗೆ ಕಾಣದ ದೇವರನ್ನು ನಂಬಿ ಜನ ಇಷ್ಟೊಂದು ಕಟ್ಟುಪಾಡು ಹೊತ್ತುಕೊಂಡು ಬದುಕುತ್ತಾರಲ್ಲ, ಅದರಿಂದ ಅವರಿಗೆ ಸಿಗುವುದಾದರೂ ಏನು?" ಎಂದು ಶಿಷ್ಯ ಕೇಳಿದ.

"ಬೆಳಗಿನಿಂದ ಮುಖ ಗಂಟಿಕ್ಕಿಕೊಂಡು ಕೂತಿದ್ದು ಇದಕ್ಕೋ? ನಾನು ಹೊಟ್ಟೆನೋವೇನೋ ಅಂದುಕೊಂಡಿದ್ದೆ," ಎಂದು ಗುರು ನಕ್ಕು ಹೇಳತೊಡಗಿದರು.

ಒಂದು ಊರು. ಅಲ್ಲಿಯ ಜನ ಊರಮ್ಮನನ್ನು ನಂಬಿದವರು. ಊರೊಳಗೆ ಹೆಣವಿರುವ ತನಕ ಯಾರ ಮನೆಯಲ್ಲೂ ಒಲೆ ಹಚ್ಚಬಾರದು ಎಂಬುದು ಅಮ್ಮನ ಕಟ್ಟಳೆ. ದಿಕ್ಕಿಲ್ಲದವನು ಅಲ್ಲಿ ಸತ್ತರೆ, ಅವನಿಗೆ ಕೊನೆಯ ತುತ್ತು ಇಕ್ಕಿದವನೇ ಮಗನಾಗಿ ನಿಂತು ಕೊಳ್ಳಿ ಇಡಬೇಕು, ಸೂತಕ ಹಿಡಿಯಬೇಕು. ಸೂತಕ ಕಳೆಯುವ ತನಕ ಆ ಮನೆಯಲ್ಲಿ ಶುಭಕಾರ್ಯವಿಲ್ಲ. ಸತ್ತವನ ಕುಲ ಯಾವುದೆಂದು ಮಾತ್ರ ಕೇಳುವಂತಿಲ್ಲ. ಎಂಥ ಒಳ್ಳೆಯ ಕಟ್ಟಳೆ ನೋಡು!

ಒಂದು ಸಂಜೆ ಆ ಊರಿಗೆ ಕಂಬಳಿ ಮಾರುವ, ದಿಕ್ಕುದೆಸೆಯಿಲ್ಲದ ಮುದುಕನೊಬ್ಬ ಬಂದ. ಒಬ್ಬ ರೈತ ಅವನನ್ನು ಹಿತ್ತಿಲಿಗೆ ಕರೆದು ಮುದ್ದೆ ಸಾರು ಇಕ್ಕಿದ. ಮುದುಕ ಉಂಡು, ಕೈ ತೊಳೆದು, ಹೋಗಿ ಅರಳಿಕಟ್ಟೆಯ ಮೇಲೆ ಮಲಗಿದ. ಬೆಳಿಗ್ಗೆ ಏಳಲಿಲ್ಲ.

ಊರಿನ ಒಲೆಗಳೆಲ್ಲ ಆರಿದವು. ಹೊತ್ತು ಏರಿತು. ಮಕ್ಕಳು ಹಸಿವಿನಿಂದ ಅಳತೊಡಗಿದವು. ಗೌಡ ಜನರನ್ನೆಲ್ಲ ಕಟ್ಟೆಗೆ ಕರೆಸಿ, ಕೊನೆಯ ತುತ್ತು ಯಾರ ಮನೆಯದು ಎಂದು ಕೇಳಿದ.

ರೈತನ ಮನೆಯ ಮುಂದೆ ಚಪ್ಪರ ಹಾಕಿತ್ತು. ಮರುದಿನ ಮಗಳ ಮದುವೆ. ಆ ಹುಡುಗಿಗೆ ಕೂಡಿ ಬಂದ ಸಂಬಂಧ ಎರಡು ಸಲ ಮುರಿದಿತ್ತು, ಇದೂ ತಪ್ಪಿದರೆ ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ. ಮುದ್ದೆ ಇಕ್ಕಿದ್ದನ್ನು ಹೆಂಡತಿ ಬಿಟ್ಟರೆ ಬೇರೆ ಯಾರೂ ಕಂಡಿರಲಿಲ್ಲ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಅಮ್ಮ ಕಂಡಿದ್ದಾಳಲ್ಲ! ಅವನು ಎದ್ದು ನಿಂತ.

"ತುತ್ತು ನನ್ನದು ಗೌಡರೇ. ಕೊಳ್ಳಿ ನಾನೇ ಇಡುತ್ತೇನೆ."

ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಳದೆ ಏನು ಮಾಡುತ್ತಾಳೆ? ಹೆತ್ತ ಹೊಟ್ಟೆ. ಆದರೂ ಗಂಡನ ಕೈ ಹಿಡಿದು ಕೂರಿಸಲಿಲ್ಲ. ಆ ತಾಯಿಯ ಮೇಲೆ ನನಗೆ ಬಲು ಗೌರವ.

ಆ ಊರಲ್ಲಿ ಒಬ್ಬ ಗಾಣಿಗನಿದ್ದ. ಯಾರೋ ಹೆತ್ತು ಯಾರೋ ಬಿಟ್ಟುಹೋದ ಕೂಸು, ಊರವರ ಮನೆಮನೆಯಲ್ಲಿ ಉಂಡು ಬೆಳೆದವನು. ಹಿಂದೆ ಮುಂದೆ ಯಾರೂ ಇಲ್ಲ. ದೇವರೆಂದರೆ ಅವನಿಗೆ ತಮಾಷೆ. ಗುಡಿಯ ದೀಪಕ್ಕೆ ಎಣ್ಣೆ ಅಳೆಯುವಾಗಲೆಲ್ಲ, "ಇಷ್ಟು ವರ್ಷ ಕುಡಿದಳಲ್ಲ ಆಯಮ್ಮ, ಒಂದು ದಿನವಾದರೂ ಸಾಕು ಅಂದಳೇ?" ಎನ್ನುತ್ತಿದ್ದ. ಈಗ ಅವನು ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಅವಸರ ಮಾಡಬೇಡವೋ ಮಾರಾಯ. ನಿನ್ನ ಮುದ್ದೆ ಉಂಡ ಮೇಲೆ ಅವನು ನನ್ನ ಗಾಣದ ಹತ್ತಿರ ಬಂದಿದ್ದ. ಬೆಲ್ಲ ಕೊಟ್ಟೆ, ತಿಂದ. ಕೊನೆಯ ತುತ್ತು ನನ್ನದು."

ಎಂಥ ಹಸಿ ಸುಳ್ಳು! ಅವನು ಹಿಂದಿನ ದಿನ ಎಣ್ಣೆ ಮಾರಲು ಪಕ್ಕದ ಊರಿನ ಸಂತೆಗೆ ಹೋದವನು, ಅಲ್ಲೇ ಉಳಿದು, ಆಗತಾನೇ ಊರಿಗೆ ಕಾಲಿಟ್ಟಿದ್ದ. ಅದು ಎಲ್ಲರಿಗೂ ಗೊತ್ತು. ಗೌಡನಿಗೂ ಗೊತ್ತು.

"ಅಮ್ಮನ ಮೇಲೆ ಆಣೆ ಮಾಡುತ್ತೀಯೇನೋ?" ಎಂದು ಗೌಡ ಕೇಳಿದ.

"ಮಾಡುತ್ತೇನೆ. ಸುಳ್ಳಾದರೆ ಆಯಮ್ಮನೇ ಬಂದು ಹೇಳಲಿ."

ಎಲ್ಲರೂ ಗುಡಿಯ ಕಡೆ ನೋಡಿದರು. ಅಮ್ಮ ಬಂದು ಏನೂ ಹೇಳಲಿಲ್ಲ. ರೈತ ಏನೋ ಹೇಳಲು ಹೋದ. ಅಷ್ಟರಲ್ಲಿ ಗೌಡ, "ಹಾಗಾದರೆ ಕೊಳ್ಳಿ ಗಾಣಿಗನದು," ಎಂದು ಎದ್ದೇಬಿಟ್ಟ.

ಊರೆಲ್ಲ ಹೆಗಲು ಕೊಟ್ಟಿತು. ಗಾಣಿಗ ಕೊಳ್ಳಿ ಇಟ್ಟ. ಒಲೆಗಳು ಹತ್ತಿದವು, ಮಕ್ಕಳು ಉಂಡವು. ಮರುದಿನ ಮದುವೆಯೂ ನಡೆಯಿತು. ಓಲಗ ಕೇಳಿಸುತ್ತಿದ್ದರೂ ಗಾಣಿಗ ಆ ಕಡೆ ಹೋಗಲಿಲ್ಲ. ತಲೆ ಬೋಳಿಸಿಕೊಂಡು, ಗಾಣ ನಿಲ್ಲಿಸಿ, ಒಪ್ಪೊತ್ತು ಉಂಡು, ಬರಿನೆಲದ ಮೇಲೆ ಮಲಗಿದ. ರೈತನ ಹೆಂಡತಿ ಕಣ್ಣು ತುಂಬಿಕೊಂಡು ಹೋಳಿಗೆ ತಂದರೆ, "ಸೂತಕದ ಮನೆಗೆ ಸಿಹಿ ತರುತ್ತಾರೇನಮ್ಮಾ?" ಎಂದು ಹಿಂದಕ್ಕೆ ಕಳಿಸಿದ. ತಿಥಿಯ ದಿನ ಎಡೆ ಇಟ್ಟು, ಕಾಗೆ ಮುಟ್ಟುವ ತನಕ ಬಿಸಿಲಲ್ಲೇ ನಿಂತಿದ್ದ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಗುರುಗಳೇ, ಅವನು ನಂಬಿದವನಲ್ಲ. ಹೇಳಿದ್ದೂ ಸುಳ್ಳು. ಮದುವೆ ಮುಗಿದ ಮೇಲೆ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಅಷ್ಟೆಲ್ಲ ಯಾಕೆ ಮಾಡಿದ?"

ಗುರು ಶಿಷ್ಯನ ಮುಖವನ್ನೇ ನೋಡಿದರು.

"ಅಪ್ಪ ಸತ್ತಿದ್ದನಲ್ಲೋ, ಮಗನಾದವನು ಮಾಡಬೇಡವೇ?"