ಅರಿಷಿಣ ಹಚ್ಚಿದ ಚೀಟಿ

ಬಸ್ ಸ್ಟ್ಯಾಂಡಿನ ಎದುರಿಗೆ ಗುರುಪಾದಪ್ಪನ ಔಷಧದ ಅಂಗಡಿ. ಬರುವವರೆಲ್ಲ ಅವನಿಗೆ ಸಾಹುಕಾರ್ರೇ ಅನ್ನುವವರು. ಒಡಹುಟ್ಟಿದವರಿಲ್ಲ, ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಅವನನ್ನು ತಮ್ಮಾ ಅನ್ನುತ್ತಿದ್ದ ಜೀವ ಒಂದೇ, ಬಳೆ ಮಾರುವ ನೀಲವ್ವ. ಸಂತೆಗೆ ಹೋಗುವಾಗ ಅಂಗಡಿಯ ಬೆಂಚಿನ ಮೇಲೆ ಬುಟ್ಟಿ ಇಳಿಸಿ, "ಉಂಡ್ಯೇನೋ ತಮ್ಮಾ?" ಅನ್ನುವಳು. ಉಂಡಿದ್ದರೂ ಅವನು "ಇನ್ನೂ ಇಲ್ಲಕ್ಕಾ" ಅನ್ನುವನು. ಅವಳ ಕೈಲಿ ಬೈಸಿಕೊಳ್ಳುವ ಆಸೆ, ನೋಡಿ.

ಒಂದು ವರ್ಷ ನೀಲವ್ವನ ಬೆನ್ನಿಗೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿದವು, ಉರಿ ಹೋಗಲಿಲ್ಲ. ಸೆರಗು ತಾಗಿದರೂ ಕೆಂಡ ಇಟ್ಟ ಹಾಗೆ. ಕಣ್ಣಿಗೆ ನಿದ್ದೆಯೇ ಇಲ್ಲ. ದೊಡ್ಡ ಊರಿನ ಡಾಕ್ಟರಮ್ಮ ನೋಡಿ, ನೋವು ಇಳಿಸುವ ಬಲವಾದ ಗುಳಿಗೆ ಬರೆದುಕೊಟ್ಟರು.

ನೀಲವ್ವ ಚೀಟಿಯನ್ನು ಮೊದಲು ದೇವರ ಜಗಲಿಯ ಮೇಲೆ ಇಟ್ಟಳು. ಹೊಸ ಸೀರೆಗೂ ಲಗ್ನಪತ್ರಿಕೆಗೂ ನಾವು ಅರಿಷಿಣ ಹಚ್ಚುವುದಿಲ್ಲವೇ, ಹಾಗೇ ಇದಕ್ಕೂ ಒದ್ದೆ ಅರಿಷಿಣ ಹಚ್ಚಿ, "ಗುಣ ಕೊಡು ತಾಯಿ" ಅಂದಳು. ಆ ನೀರಿಗೆ ಮಸಿ ಹರಡಿತು. ಗುಳಿಗೆ ಎಷ್ಟು ಅನ್ನುವ ಅಂಕಿಯೇ ಕಲಸಿಹೋಯಿತು.

ಆಗ ಊರಿನ ಕೆಲವು ಪೋರರು ಚೀಟಿ ತಿದ್ದಿ, ನಿಶೆಗೆಂದು ಇಂಥವೇ ಗುಳಿಗೆ ಒಯ್ಯುತ್ತಿದ್ದರು. ತಪಾಸಣೆಯವರು ಬಂದು, ಇನ್ನೊಮ್ಮೆ ಹೀಗಾದರೆ ಅಂಗಡಿಗೆ ಬೀಗ ಅಂತ ಗುರುಪಾದಪ್ಪನಿಗೆ ಹೇಳಿ ಹೋಗಿದ್ದರು. ಅವನು ಅದೇ ಅಂಜಿಕೆಯಲ್ಲಿದ್ದಾಗ ನೀಲವ್ವ ಬಂದು ಆ ಚೀಟಿ ಕೊಟ್ಟಳು.

"ಯಾರು ತಿದ್ದ್ಯಾರ ಇದನ್ನ?" ಅಂದ.

"ಯಾರೂ ಇಲ್ಲೋ ತಮ್ಮಾ. ದೇವರ ಮುಂದ ಇಟ್ಟು ಅರಿಷಿಣ ಹಚ್ಚೀನಿ."

"ಕಳ್ಳರೆಲ್ಲ ದೇವರ ಹೆಸರೇ ಹೇಳ್ತಾರ. ನನ್ನ ಅಂಗಡಿ ಮುಚ್ಚಸಬೇಕಂತ ಮಾಡೀ ಏನು?"

ಹಿಂದೆ ನಿಂತವನೊಬ್ಬ ನಕ್ಕ. "ಬಳಿ ಬುಟ್ಟ್ಯಾಗ ಈಗ ಗುಳಿಗಿ ವ್ಯಾಪಾರ ಸುರು ಆಗೇತಿ ಬಿಡ್ರಿ."

ನೀಲವ್ವ ಬುಟ್ಟಿ ಎತ್ತಿಕೊಂಡು ನಡೆದಳು. ಚೀಟಿ ಅಲ್ಲೇ ಉಳಿಯಿತು.

ಸಂಜೆ ಗಿರಾಕಿ ಕಡಿಮೆಯಾದಾಗ ಗುರುಪಾದಪ್ಪ ಚೀಟಿಯನ್ನು ಮತ್ತೆ ನೋಡಿದ. ಅದರ ನೆತ್ತಿಯ ಮೇಲೆ ಡಾಕ್ಟರಮ್ಮನ ಫೋನ್ ನಂಬರು ಅಚ್ಚಾಗಿತ್ತು. ಆ ನಂಬರಿಗೆ ಫೋನ್ ಮಾಡಿದ.

"ಹೌದ್ರೀ, ನಾನೇ ಬರೆದದ್ದು," ಅಂದರು ಅವರು. ಎಷ್ಟು ಕೊಡಬೇಕೆಂದೂ ಹೇಳಿದರು. "ಪಾಪ, ಇವತ್ತಾದರೂ ಮಲಗಲಿ. ಕೊಟ್ಟಿರಿ ತಾನೇ?"

ನಿಜ ತಿಳಿಯಲು ಎಲೆ ಅಡಿಕೆ ಅಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಗುಳಿಗೆ ಹಿಡಿದು ಅವಳ ಮನೆಗೆ ಓಡಿದ. ಒರಗಲೂ ಆಗದೆ, ಮೊಣಕಾಲಿನ ಮೇಲೆ ತಲೆ ಇಟ್ಟು ಕೂತಿದ್ದಳು. "ತಪ್ಪಾತಕ್ಕಾ," ಅಂದ.

"ಚೀಟಿ ನೋಡೂದು ನಿಮ್ಮ ಕೆಲಸಾರೀ. ಅದಕ್ಕ ನನಗ ಸಿಟ್ಟಿಲ್ಲ," ಅಂದಳು ನೀಲವ್ವ. ಗುಳಿಗೆ ಇಸಿದುಕೊಂಡಳು. "ಹೋಗಿ ಬರ್ರಿ ಸಾಹುಕಾರ್ರೇ."

ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತೋ ಏನೋ.

ನೀಲವ್ವನಿಗೆ ಗುಣವಾಯಿತು. ಈಗಲೂ ಔಷಧಕ್ಕೆ ಅವನಲ್ಲಿಗೇ ಬರುತ್ತಾಳೆ. ಬುಟ್ಟಿ ಇಳಿಸುವುದಿಲ್ಲ, ನಿಂತೇ ಇಸಿದುಕೊಂಡು ಹೋಗುತ್ತಾಳೆ. ಸಂತೆಯ ದಿನ ಬೆಂಚಿನ ಮೇಲೆ ಯಾರಾದರೂ ಕೂರಹೋದರೆ ಗುರುಪಾದಪ್ಪ ಬಿಡುವುದಿಲ್ಲ. "ಅಲ್ಲಿ ಕುಂದ್ರೋರು ಅದಾರ್ರಿ," ಅನ್ನುತ್ತಾನೆ. ಅವಳು ಬಂದು ಹೋಗುವ ತನಕ ಬುತ್ತಿಯ ಗಂಟು ಬಿಚ್ಚುವುದಿಲ್ಲ. ಉಂಡ್ಯೇನೋ ಅಂತ ಕೇಳಿದರೆ, ಇಲ್ಲಕ್ಕಾ ಅನ್ನುವ ಮಾತು ಸುಳ್ಳಾಗಬಾರದು ನೋಡಿ. ಕಪಾಟಿನ ತುಂಬ ಔಷಧ ಇದೆ ಅವನಲ್ಲಿ. ತಮ್ಮಾ ಅನ್ನುವ ಆ ಒಂದು ಮಾತನ್ನು ತಿರುಗಿ ತರುವಂಥದು ಯಾವುದೂ ಇಲ್ಲ.

ನೀತಿ: ಅನುಮಾನ ಬಂದರೆ ವಿಚಾರಿಸಿ ನೋಡಿ ಮಕ್ಕಳೇ, ಅದು ತಪ್ಪಲ್ಲ. ವಿಚಾರಿಸುವ ಮೊದಲೇ ಕಳ್ಳರೆಂದು ಅನ್ನಬೇಡಿ. ತಪ್ಪಾಯಿತು ಅಂದರೆ ಕ್ಷಮೆ ಸಿಗಬಹುದು, ಹೋದ ಸಲಿಗೆ ಸಿಗುವುದಿಲ್ಲ.