ಕಲೆ ಕಾಣಬೇಕೆಂದ ದೊರೆ

"ಪಕ್ಕದ ರಾಜ್ಯದ ರಾಯಭಾರಿ ಭಾನುವಾರ ಬರುತ್ತಾನೆ. ಅಷ್ಟರೊಳಗೆ ನಮ್ಮೂರಿನ ಪ್ರತಿ ಬೀದಿಯಲ್ಲೂ ಕಲೆ ಕಾಣಬೇಕು. ಅವನು ಬಿಟ್ಟ ಬಾಯಿ ಮುಚ್ಚಬಾರದು. ಬೊಕ್ಕಸದಿಂದ ಮಾತ್ರ ಒಂದು ಕಾಸೂ ಹೋಗಬಾರದು. ಬರೆದುಕೋ, ದೇವೀರಮ್ಮ" ಎಂದು ಕನಕಗೆರೆಯ ದೊರೆ ಬಿಜ್ಜರಸ ಮೀಸೆ ತಿರುವಿದ.

ಬರೆದುಕೊಂಡೆ. ಮೂವತ್ತು ವರ್ಷದಿಂದ ಆಸ್ಥಾನದಲ್ಲಿ ನನಗಿರುವ ಕೆಲಸ ಅದೊಂದೇ. ದೊರೆಯ ಬಾಯಿಂದ ಬಿದ್ದ ಮಾತನ್ನು ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ಕಡತಕ್ಕೆ ಇಳಿಸುವುದು. ಇದರ ಬಗ್ಗೆ ನನಗೆ ಬಹಳ ಜಂಬ. ಜಂಬಪಡಲು ಬೇರೇನೂ ಇಲ್ಲದಿರುವುದೂ ಒಂದು ಕಾರಣ.

"ಈ ಕೆಲಸದ ಯಜಮಾನಿಕೆ ನಿನ್ನದೇ" ಅಂದ ದೊರೆ.

"ನನಗೂ ಚಿತ್ರಕ್ಕೂ ಆಗಿಬರುವುದಿಲ್ಲ, ಪ್ರಭು. ಮೊನ್ನೆ ಬಾಗಿಲ ಮುಂದೆ ನವಿಲಿನ ರಂಗೋಲಿ ಹಾಕಿದ್ದೆ. ಸೊಸೆ ನೋಡಿ, ಬದನೆಕಾಯಿ ಚೆನ್ನಾಗಿ ಬಂದಿದೆ ಅತ್ತೆ, ಅಂದಳು."

"ಚಿತ್ರಗಾರರಿಂದ ಬರೆಸು. ಕೂಲಿಯ ಬದಲು ಕೀರ್ತಿ ಬರುತ್ತದೆ ಅನ್ನು. ಒಲ್ಲೆ ಅಂದವರು ಊರು ಬಿಡಲಿ."

ಚಿತ್ರಗಾರರ ಹಿರಿಯ ನಂಜೋಜನ ಮನೆಗೆ ಹೋಗಿ ಹೇಳಿದೆ.

"ಕೀರ್ತಿಯನ್ನು ಅರೆದರೆ ಬಣ್ಣ ಬರುತ್ತದೆಯೇ, ದೇವೀರಮ್ಮನವರೇ?" ಅಂದ ನಂಜೋಜ.

ಅವನ ಹೆಂಡತಿ ಆಗಲೇ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. "ಚಿತ್ರಗಾರರ ಆರು ಮನೆಯವರೂ ಸೋಮವಾರ ಹೊರಡುತ್ತೇವೆ. ನೀವು ದೊಡ್ಡ ಜಾಣೆ ಅಂತ ಊರೆಲ್ಲ ಹೇಳುತ್ತದೆ. ನಮಗೇನಾದರೂ ಉಪಯೋಗವಾಯಿತೇ?"

"ಆ ಸುದ್ದಿ ಹಬ್ಬಿಸಿದವಳು ನಾನೇ, ತಾಯಿ. ಅದಕ್ಕಾದರೂ ಏನಾದರೂ ಮಾಡಬೇಕು. ಗೋಣಿಯ ಬಾಯಿ ಇನ್ನೂ ಕಟ್ಟಬೇಡ" ಅಂದೆ.

ಮನೆಗೆ ಬಂದು ಕಡತ ಬಿಚ್ಚಿ ದೊರೆಯ ಮಾತನ್ನು ಮತ್ತೆ ಓದಿದೆ. ಮೂರನೆಯ ಸಲ ಓದುವಾಗ ನಗು ಬಂತು. ಒಂದು ಕುಡಿಕೆ ಸುಣ್ಣ ಹಿಡಿದು ಬೀದಿಗಿಳಿದೆ.

ಭಾನುವಾರ ದೊರೆ ರಾಯಭಾರಿಯನ್ನು ಕರೆದುಕೊಂಡು ಊರು ತೋರಿಸಲು ಹೊರಟ. ಹಿಂದೆ ನಾನು, ಕಂಕುಳಲ್ಲಿ ಕಡತ.

ಪೇಟೆಬೀದಿಯ ಗೋಡೆಯ ಮೇಲೆ ಯಾರೋ ಎಲೆಯಡಿಕೆ ಉಗಿದ ಕೆಂಪು ಕಲೆ. ಸುತ್ತ ಸುಣ್ಣದಲ್ಲಿ ಚೌಕಟ್ಟು. ಕೆಳಗೆ ನನ್ನ ಅಕ್ಷರ: 'ಸೂರ್ಯೋದಯ. ಕರ್ತೃ, ಜವಳಿ ಅಂಗಡಿ ಪುಟ್ಟಶೆಟ್ಟಿ.' ಗಾಣಿಗರ ಬೀದಿಯಲ್ಲಿ ಎಣ್ಣೆಯ ಕಲೆ, ಅದಕ್ಕೂ ಚೌಕಟ್ಟು. ಛತ್ರದ ಗೋಡೆಯಲ್ಲಿ ಒಲೆಯ ಮಸಿ: 'ಕಾರ್ಮೋಡ.'

ರಾಯಭಾರಿ ಬಿಟ್ಟ ಬಾಯಿ ಮುಚ್ಚಲಿಲ್ಲ.

ಕೊನೆಗೆ ಅರಮನೆಯ ಉಪ್ಪರಿಗೆಯ ಕೆಳಗೆ ಬಂದೆವು. ದೊರೆ ದಿನಾ ಊಟವಾದ ಮೇಲೆ ತಾಂಬೂಲ ಉಗಿಯುವ ಜಾಗ ಅದು. ಊರಿಗೇ ದೊಡ್ಡ ಕಲೆ. ಚೌಕಟ್ಟಿಗೆ ಉಳಿದ ಸುಣ್ಣವೆಲ್ಲ ಖರ್ಚಾಗಿತ್ತು. ಕೆಳಗೆ ಬರೆದಿದ್ದೆ: 'ಮಹಾಪ್ರಭುಗಳ ಸ್ವಮುಖ ಕೃತಿ.'

ದೊರೆಯ ಮುಖ ಆ ಗೋಡೆಗಿಂತ ಕೆಂಪಾಯಿತು. "ದೇವೀರಮ್ಮ, ಏನಿದು?"

"ಕಲೆ, ಪ್ರಭು. ಪ್ರತಿ ಬೀದಿಯಲ್ಲೂ ಕಾಣಬೇಕು ಅಂದಿರಿ. ಕಡತ ಓದಲೇ?"

"ನಾನು ಹೇಳಿದ್ದು ಈ ಕಲೆಯಲ್ಲ."

"ಅಕ್ಷರ ಬಲ್ಲೆ, ಅರ್ಥದಲ್ಲಿ ನಾನು ಸ್ವಲ್ಪ ದಡ್ಡಿ. ಬೊಕ್ಕಸದ ಬಾಗಿಲು ತೆಗೆಯದೆ ಸಿಗುವ ಕಲೆ ಊರೆಲ್ಲ ಹುಡುಕಿದೆ. ಸಿಕ್ಕಿದ್ದು ಇದೇ."

ಮೊದಲು ನಕ್ಕವನು ರಾಯಭಾರಿ. ದೊರೆ ಅವನ ಮುಖ ನೋಡಿದ, ಗೋಡೆ ನೋಡಿದ, ಆಮೇಲೆ ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಂಜೋಜ ಊರಲ್ಲಿದ್ದಾನೋ?"

"ನಾಳೆಯವರೆಗೆ ಇದ್ದಾನೆ."

"ಯಾರೂ ಊರು ಬಿಡುವುದು ಬೇಡ. ಬರೆದುಕೋ. ಆರು ಮನೆಯವರಿಗೂ ಅರ್ಧ ಕೂಲಿ ಇವತ್ತೇ, ಇನ್ನರ್ಧ ಕೆಲಸ ಮುಗಿದ ದಿನ. ಬಣ್ಣದ ಖರ್ಚು ಬೇರೆ. ಎಲ್ಲ ಬೊಕ್ಕಸದಿಂದ. ಪ್ರತಿ ಬೀದಿಯಲ್ಲೂ ಕಲೆ ಇರಲಿ."

ಬರೆಯುತ್ತಿದ್ದವಳು ಲೇಖನಿಯನ್ನು ಎತ್ತಿ ಹಿಡಿದೆ. "ಯಾವ ಕಲೆ ಅಂತ ಬಿಡಿಸಿ ಬರೆಯಲೇ, ಪ್ರಭು?"

"ಹೇಗೆ ಬರೆಯುತ್ತೀ?"

"ಬಾಯಿಂದ ಆಗುವುದಲ್ಲ, ಕೈಯಿಂದ ಆಗುವುದು ಅಂತ."